ಎಡಗೈಯವನ ಪಟಕಾ

ಈ ಸಭೆಯ ಅಧ್ಯಕ್ಷರೂ ನನ್ನ ಬಾಲ್ಯದ ಗೆಳೆಯರೂ ಆದ ಹಣಮಂತಪ್ಪನವರೇ, ನಮ್ಮ ವ್ಯಾಪಾರಿ ಸಂಘದ ಕಾರ್ಯದರ್ಶಿ ಕಲ್ಯಾಣಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ಸಂಜೆಯ ಗಿರಾಕಿಯನ್ನು ಬಿಟ್ಟು ನನ್ನ ಸಲುವಾಗಿ ಬಂದು ಕುಳಿತ ಸೊಲ್ಲಾಪುರದ ವ್ಯಾಪಾರಿ ಬಾಂಧವರೇ, ತಾಯಂದಿರೇ, ಸಭಿಕರೇ,

ನಾನು ಭಾಷಣಕಾರನಲ್ಲ. ತಲೆಗೆ ರುಮಾಲು, ನಮ್ಮ ಕಡೆಯ ಮಾತಿನಲ್ಲಿ ಪಟಕಾ, ಸುತ್ತುವವನು. ಇಷ್ಟು ವರ್ಷ ಏನು ಮಾತನಾಡಿದ್ದರೂ ಗಿರಾಕಿಯ ಹಿಂದೆ ನಿಂತು, ಅವನ ತಲೆಯನ್ನು ನೋಡುತ್ತ ಮಾತನಾಡಿದ್ದೇನೆ. ಇವತ್ತು ಇಷ್ಟೊಂದು ಮುಖಗಳನ್ನು ಎದುರಿಗೆ ಕೂರಿಸಿ ಮಾತನಾಡು ಎಂದರೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ. ತಪ್ಪಿದರೆ ಸಂಭಾಳಿಸಿಕೊಳ್ಳಿರಿ.

ನೀವು ನನಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಕೈಯಲ್ಲಿ ಕಾಯಿ ಕೊಟ್ಟಿರಿ. ಎಲ್ಲಕ್ಕೂ ನಾನು ಋಣಿ. ಆದರೆ ತಲೆಯ ಮೇಲೆ ಇಟ್ಟಿರಲ್ಲ, ಅದರ ಬಗ್ಗೆ ಒಂದು ಮಾತು ಆಡದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ. ಸಭಿಕರೇ, ಇದು ರೆಡಿಮೇಡ್ ಪಟಕಾ. ಹೊಲಿದು, ಅಂಟು ಹಚ್ಚಿ, ಡಬ್ಬಿಯಲ್ಲಿ ಹಾಕಿ ಕಳಿಸಿದ್ದು. ಯಾವ ಪಟಕಾದಿಂದ ನನ್ನ ಅಂಗಡಿ ಮುಚ್ಚುವ ಸ್ಥಿತಿಗೆ ಬಂದಿದೆಯೋ ಅದನ್ನೇ ನನ್ನ ತಲೆಗೆ ಇಟ್ಟು ಚಪ್ಪಾಳೆ ತಟ್ಟಿದಿರಿ. ನಾನು ಕಲ್ಯಾಣಪ್ಪನ ಕಡೆ ನೋಡಿದೆ. ಅವನು ಕಿವಿಯ ಹತ್ತಿರ ಬಂದು, "ಕಾಕಾ, ಸಿಟ್ಟಾಗಬ್ಯಾಡ್ರಿ. ಊರಾಗ ಪಟಕಾ ಸುತ್ತಾವ್ರು ನೀವೊಬ್ಬರ ಉಳದೀರಿ. ನಿಮಗ ಯಾರ ಕಡಿಂದ ಸುತ್ತಿಸಬೇಕ್ರಿ?" ಅಂದ. ನನಗೆ ನಗು ಬಂತು. ನಗು ಮುಗಿಯುವ ಮೊದಲೇ ದುಃಖವೂ ಬಂತು. ಅವನ ಮಾತಿನಲ್ಲಿ ಸುಳ್ಳೇನಿದೆ?

ನಮ್ಮ ತಂದೆ ಅಕ್ಕಲಕೋಟದವರು. ಅಲ್ಲಿ ಸಂಸ್ಥಾನ ಇದ್ದಾಗ ಕಾರಕೂನರು ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಪಟಕಾ ಸುತ್ತಿಸಿಕೊಳ್ಳಲು ನಮ್ಮ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದರಂತೆ. ಸಂಸ್ಥಾನ ಹೋಯಿತು, ನಾವು ಸೊಲ್ಲಾಪುರಕ್ಕೆ ಬಂದೆವು, ಮಧಲಾ ಮಾರುತಿಯ ಗುಡಿಯ ಹತ್ತಿರ ಅಂಗಡಿ ಹಾಕಿದೆವು. ಬಟ್ಟೆ ಮಾರುವ ಅಂಗಡಿ ಅದಲ್ಲ, ನಿಮಗೆ ಗೊತ್ತು. ಬಟ್ಟೆ ಎಲ್ಲಿಯೂ ಸಿಗುತ್ತದೆ. ಮದುಮಗನ ಮುಖ ಉದ್ದವಿದ್ದರೆ ಸುತ್ತು ಅಗಲ ಮಾಡಬೇಕು, ಬೀಗರು ಕುಳ್ಳಗಿದ್ದರೆ ತುರಾಯಿ ಎತ್ತರಿಸಬೇಕು. ಎಷ್ಟೋ ಬೀಗರು ನನ್ನ ತುರಾಯಿಯ ಬಲದಿಂದಲೇ ಫೋಟೋದಲ್ಲಿ ಎತ್ತರವಾಗಿ ಕಾಣುತ್ತಾರೆ. ಹೆಸರು ಹೇಳುವುದಿಲ್ಲ, ಇಬ್ಬರು ಮೂವರು ಇಲ್ಲಿಯೇ ಕುಳಿತಿದ್ದಾರೆ.

ಆಮೇಲೆ ಪುಣೆಯ ಕಂಪನಿಯ ಬಣ್ಣದ ಪುಸ್ತಕ ಬಂತು. ಚಿತ್ರ ನೋಡುವುದು, ಫೋನ್ ಮಾಡುವುದು, ಮಾರನೆಯ ದಿನ ಎಸ್.ಟಿ. ಸ್ಟ್ಯಾಂಡಿಗೆ ಹೋಗಿ ಪಾರ್ಸೆಲ್ ಬಿಡಿಸಿಕೊಳ್ಳುವುದು. ನಾನು ಬರೀ ಬಟ್ಟೆಗೆ ಹೇಳುವ ದರಕ್ಕಿಂತ ಅವರ ಸುತ್ತಿದ ಪಟಕಾ ಅಗ್ಗ. ಹೋದ ತಿಂಗಳು ಕಲ್ಯಾಣಪ್ಪ ನನ್ನನ್ನು ಕಂಪ್ಯೂಟರಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋಗಿ ಇಂಟರ್ನೆಟ್ ಅನ್ನುವುದರಲ್ಲಿ ಅದೇ ಪಟಕಾಗಳನ್ನು ತೋರಿಸಿದ. "ಕಾಕಾ, ಇನ್ನ ಮುಂದ ಫೋನೂ ಬ್ಯಾಡಾಗ್ತದ, ಇಲ್ಲೇ ಒತ್ತಿದ್ರ ಮನಿಗೆ ಬರ್ತದ" ಅಂದ. ಚಿತ್ರದೊಳಗಿನ ಮನುಷ್ಯ ನಗುತ್ತಿದ್ದ. ಅವನ ತಲೆಯನ್ನು ಯಾರೂ ಮುಟ್ಟಿರಲಿಲ್ಲ.

ಬೇರೆ ಅಂಗಡಿಯವರು ಕಂಪನಿಯ ಮಾಲು ತಂದು ಇಟ್ಟುಕೊಂಡರು. ಅವರಿಗೆ ನಾನು ದೋಷ ಹೊರಿಸುವುದಿಲ್ಲ, ಅವರಿಗೂ ಹೊಟ್ಟೆ ಇದೆ. ನನ್ನ ಸೊಸೆ ಶ್ರೀಲೇಖಾ ಕೂಡ ಒಮ್ಮೆ, "ಮಾವಾರ, ನಾವೂ ನಾಕು ತಂದು ಇಡೂಣೇನ್ರಿ?" ಎಂದು ಮೆಲ್ಲಗೆ ಕೇಳಿದಳು. ನಾನು ಹಾರಾಡಿದೆ. "ಆ ಟೊಪಗಿ ನಮ್ಮ ಅಂಗಡ್ಯಾಗ ಬಂದ ದಿನ ನನ್ನ ಹೆಣಾ ಹೊರಗ ಹೋಗ್ತದ" ಅಂದೆ. ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ಮನೆಯಲ್ಲಿ ಈಗ ನಾವಿಬ್ಬರೇ. ಅವಳು ಊರ ಹೊರಗೆ, ಚಿಂಚೋಳಿ ಎಂಐಡಿಸಿಯ ಕಾರಖಾನೆಯೊಂದರಲ್ಲಿ ಟವೆಲ್ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಹೊತ್ತು ಹೋಗಲೆಂದು ಹೋಗುತ್ತಾಳೆ, ಮನೆ ಅಂಗಡಿಯಿಂದಲೇ ನಡೆಯುತ್ತದೆ ಎಂದು ನಾನು ಎಲ್ಲರ ಮುಂದೆ ಹೇಳುತ್ತ ಬಂದಿದ್ದೇನೆ.

ಇವತ್ತು ಸಂಘದವರು ಒಂದು ಠರಾವು ತಯಾರಿಸಿದ್ದಾರೆ. ಆ ಕಂಪನಿಯ ಮಾಲನ್ನು ಸೊಲ್ಲಾಪುರದ ಯಾವ ವ್ಯಾಪಾರಿಯೂ ಇಡಬಾರದು, ಚಿಂಚೋಳಿಯಲ್ಲಿ ಅವರು ಹೊಸದಾಗಿ ತೆರೆದ ಕಾರಖಾನೆಗೆ ನಮ್ಮ ಗಿರಣಿಯವರು ಯಾರೂ ಬಟ್ಟೆ ಕೊಡಬಾರದು. ಬಟ್ಟೆ ನಿಂತರೆ ಕಾರಖಾನೆ ನಿಲ್ಲುತ್ತದೆ. ಅದರ ಮೇಲೆ ಮೊದಲ ಸಹಿ ನನ್ನದಾಗಬೇಕು ಎಂದು ಇವರ ಇಚ್ಛೆ. ಸಹಿ ಮಾಡಲೆಂದೇ ನಾನು ಬಂದೆ. ಪಾರ್ಸೆಲ್ಲಿನಲ್ಲಿ ಬರಲಾರದ್ದು ಏನಿದೆ ಎಂಬುದನ್ನು ನಿಮಗೆ ಹೇಳಿ ಸಹಿ ಮಾಡಬೇಕು ಎಂದುಕೊಂಡಿದ್ದೆ. ಅದನ್ನು ಹೇಳುತ್ತೇನೆ.

ನನ್ನ ಮಗ ಯೋಗಿರಾಜ ನಿಮಗೆಲ್ಲ ಗೊತ್ತಿದ್ದವನು. ಎಡಗೈಯವನು. ಎಲ್ಲರ ಪಟಕಾ ಒಂದು ಕಡೆಯಿಂದ ಸುತ್ತಿದರೆ ಇವನದು ಇನ್ನೊಂದು ಕಡೆಯಿಂದ. ಹಿಂದೆ ಇಳಿಬಿಡುವ ಚುಂಗು ಎಲ್ಲರದು ಎಡಭುಜದ ಮೇಲೆ ಬಿದ್ದರೆ ಇವನು ಸುತ್ತಿದ್ದು ಬಲಭುಜದ ಮೇಲೆ. ಗಿರಾಕಿಗಳು ತಕರಾರು ಮಾಡುತ್ತಿದ್ದರು. ನಾನು ಎಷ್ಟು ಬೈದರೂ, "ಅಪ್ಪಾ, ನನ್ನ ಕೈ ಹಿಂಗ ಹೋಗ್ತದ, ನಾ ಏನು ಮಾಡ್ಲಿ?" ಅನ್ನುತ್ತಿದ್ದ. ಬಟ್ಟೆಯ ಅಂಚು ಹಣೆಗೆ ಚುಚ್ಚಬಾರದೆಂದು ಒಳಗೆ ಒಂದು ಸಣ್ಣ ಮಡಿಕೆ ಹಾಕುತ್ತಿದ್ದ, ಮೂರು ಮೂಲೆಯದು, ಸಮೋಸಾದ ಹಾಗೆ. ಅದನ್ನು ನಾನು ಕಲಿಸಿದ್ದಲ್ಲ, ನನಗೆ ಅದು ಇವತ್ತಿಗೂ ಬರುವುದಿಲ್ಲ. ರಾತ್ರಿ ಊಟವಾದ ಮೇಲೆ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ತಂಬಿಗೆಯನ್ನು ಬೋರಲು ಹಾಕಿ, ಅದಕ್ಕೆ ಸುತ್ತಿ ಸುತ್ತಿ ಅವಳಿಗೂ ಕಲಿಸಿದ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ನಾನು ಗೊಣಗುತ್ತಿದ್ದೆ. ಅವರಿಬ್ಬರೂ ನಗುತ್ತಿದ್ದರು.

ಆರು ವರ್ಷದ ಹಿಂದೆ ಅವನಿಗೆ ಕಾಮಾಲೆ ಆಯಿತು. ನಾವು ಬೇರು ನಾರು ಎಂದು ಕುಳಿತೆವು, ದವಾಖಾನೆಗೆ ಒಯ್ಯುವಷ್ಟರಲ್ಲಿ ಕೈ ಮೀರಿತ್ತು. ನಮ್ಮಲ್ಲಿ ಗಂಡಸು ಸತ್ತರೆ ಕೂರಿಸಿ, ಪಟಕಾ ಸುತ್ತಿ, ಮಣ್ಣಿಗೆ ಒಯ್ಯುತ್ತಾರೆ. ಊರಿನ ಸತ್ತವರಿಗೆಲ್ಲ ಸುತ್ತಿದ ಕೈ ನನ್ನದು. ಮಗನಿಗೂ ನಾನೇ ಸುತ್ತಬೇಕಾಯಿತು. ಎರಡು ಸುತ್ತು ಹಾಕಿದೆ, ಜಾರಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಆಗ ಶ್ರೀಲೇಖಾ ಹೆಣ್ಣುಮಕ್ಕಳ ನಡುವಿನಿಂದ ಎದ್ದು ಬಂದಳು. ಹಿರಿಯರು ಬೇಡವೆಂದರು. ಅವಳು ಕೇಳಲಿಲ್ಲ. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, "ಅವರಿಗೆ ಹಂಗ ಅಲ್ರಿ ಮಾವಾರ, ಅವರದು ಈ ಕಡಿಂದ" ಅಂದಳು. ಇನ್ನೊಂದು ಕಡೆಯಿಂದ ಸುತ್ತಿದಳು. ಹಣೆಗೆ ಚುಚ್ಚಬಾರದೆಂದು ಒಳಗೆ ಆ ಮಡಿಕೆಯನ್ನೂ ಹಾಕಿದಳು. ಸತ್ತ ಹಣೆಗೆ ಏನು ಚುಚ್ಚುತ್ತದೆ, ಹೇಳಿ. ಆದರೂ ಹಾಕಿದಳು.

ಇದು ಪಾರ್ಸೆಲ್ಲಿನಲ್ಲಿ ಬರುತ್ತದೆಯೇ, ಸಭಿಕರೇ? ಕಂಪ್ಯೂಟರಿನಲ್ಲಿ ಒತ್ತಿದರೆ ಬರುತ್ತದೆಯೇ? ಅಂಟು ಹಚ್ಚಿ, ಟೊಪ್ಪಿಗೆಯ ಹಾಗೆ ಹೊಲಿದ ಇದರಲ್ಲಿ ಏನಿದೆ? ನೋಡಿರಿ, ತೆಗೆದೇ ತೋರಿಸುತ್ತೇನೆ. ಒಳಗೆ ಬಟ್ಟೆಯ ಅಂಚನ್ನು ಹೇಗೆ ಬೇಕೋ ಹಾಗೆ ಬಿಟ್ಟು...

ಕ್ಷಮಿಸಿರಿ. ಒಂದು ನಿಮಿಷ. ಕನ್ನಡಕ ಹಾಕಿಕೊಳ್ಳುತ್ತೇನೆ.

ಕಲ್ಯಾಣಪ್ಪ, ಇದನ್ನು ಕಂಪನಿಯಿಂದಲೇ ತರಿಸಿದ್ದೇನು? ಬೇರೆ ಯಾರಿಂದಲೂ ಅಲ್ಲ ತಾನೇ?

ಸಭಿಕರೇ, ಇದರ ಚುಂಗು ಬಲಗಡೆಗೆ ಇದೆ. ಇದನ್ನು ಆ ಕಡೆಯಿಂದ ಸುತ್ತಿದ್ದಾರೆ. ಒಳಗೆ ಹಣೆಯ ಜಾಗದಲ್ಲಿ ಒಂದು ಮಡಿಕೆ ಇದೆ, ಮೂರು ಮೂಲೆಯದು. ಇಷ್ಟು ಹೊತ್ತು ತಲೆಯ ಮೇಲೆ ಇದ್ದರೂ ಇದು ನನಗೆ ಚುಚ್ಚಲಿಲ್ಲ. ಈ ಮಡಿಕೆ ಹಾಕುವವರು ಲೋಕದಲ್ಲಿ ಇಬ್ಬರೇ ಇದ್ದರು. ಒಬ್ಬನನ್ನು ನಾನು ಮಣ್ಣಿಗೆ ಇಟ್ಟು ಬಂದೆ. ಇನ್ನೊಬ್ಬಳು ಅಲ್ಲಿ, ಹೆಣ್ಣುಮಕ್ಕಳ ಸಾಲಿನಲ್ಲಿ, ಸೆರಗು ಬಾಯಿಗೆ ಹಿಡಿದು ಕುಳಿತಿದ್ದಾಳೆ.

ಟವೆಲ್ ಪ್ಯಾಕಿಂಗ್ ಅಂದಿದ್ದಳು. ನಾನು ನಂಬಿದೆ. ನಂಬುವುದು ನನಗೂ ಅನುಕೂಲವಾಗಿತ್ತೋ ಏನೋ. ಅಂಗಡಿಯಲ್ಲಿ ದಿನಕ್ಕೊಬ್ಬ ಗಿರಾಕಿ ಇಲ್ಲ, ಮನೆಯಲ್ಲಿ ಮಾತ್ರ ಎರಡು ಹೊತ್ತು ಒಲೆ ಉರಿಯುತ್ತದೆ, ನನ್ನ ಮಾತ್ರೆ ತಪ್ಪುವುದಿಲ್ಲ. ಅದು ಎಲ್ಲಿಂದ ಬರುತ್ತದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕಲ್ಯಾಣಪ್ಪ, ನೀನು ತಲೆ ಕೆಳಗೆ ಹಾಕಿದ್ದೀಯ. ನಿನಗೆ ಗೊತ್ತಿತ್ತೇನು? ಹಣಮಂತಪ್ಪ, ನಿನಗೆ? ಇರಲಿ. ಈಗ ಕೇಳಿ ಏನು ಮಾಡುವುದಿದೆ?

ಆ ಠರಾವಿನ ಕಾಗದವನ್ನು ಒಳಗಿಡಿರಿ. ನಾನು ಸಹಿ ಮಾಡುವುದಿಲ್ಲ. ಆ ಕಾರಖಾನೆ ನಿಂತರೆ ನನ್ನ ಅಂಗಡಿ ನಡೆಯುತ್ತದೆ ಎಂದು ನೀವು ನನ್ನ ಮೇಲಿನ ಪ್ರೀತಿಯಿಂದ ಅಂದುಕೊಂಡಿದ್ದೀರಿ. ನಡೆಯುವುದಿಲ್ಲ. ನನ್ನ ಅಂಗಡಿ ಮುಗಿದಿದೆ. ಇದನ್ನು ಬಾಯಿಬಿಟ್ಟು ಹೇಳುವುದು ನನಗೆ ಇವತ್ತೇ ಮೊದಲು. ಬರುವ ದೀಪಾವಳಿಯ ಪಾಡ್ಯಕ್ಕೆ ಬಾಗಿಲು ಹಾಕುತ್ತೇನೆ. ತಂದೆ ಹಚ್ಚಿದ ಅಂಗಡಿ, ಮಗ ಕೂರಬೇಕಾಗಿದ್ದ ಗಾದಿ. ಸಂಕಟ ಆಗುತ್ತದೆ. ಆಗುವುದಿಲ್ಲ ಎಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ.

ಆರು ವರ್ಷದಿಂದ ಅವನ ಕೈ ಮಣ್ಣಾಯಿತು ಎಂದುಕೊಂಡಿದ್ದೆ. ಅದು ಡಬ್ಬಿಯಲ್ಲಿ ಕೂತು ಪುಣೆಗೆ ಹೋಗುತ್ತಿದೆ, ನಾಗಪುರಕ್ಕೆ ಹೋಗುತ್ತಿದೆ. ಯಾರೋ ಗುರುತಿಲ್ಲದ ಮದುಮಗನ ಹಣೆಗೆ ಚುಚ್ಚದ ಹಾಗೆ ಕೂರುತ್ತಿದೆ. ನಾನು ಮಾತ್ರ ಅದನ್ನು ಬೈಯುತ್ತ ಅಂಗಡಿಯಲ್ಲಿ ಕುಳಿತಿದ್ದೆ.

ಅಧ್ಯಕ್ಷರೇ, ನಿಮ್ಮ ಅಪ್ಪಣೆಯಿದ್ದರೆ ಸಭೆಯ ರೀತಿ ಬಿಟ್ಟು ನನ್ನ ಸೊಸೆಗೆ ಒಂದು ಮಾತು ಕೇಳುತ್ತೇನೆ. ಮನೆಯಲ್ಲಿ ಕೇಳಬಹುದಿತ್ತು. ಮನೆಗೆ ಹೋದರೆ ನಾನು ಮತ್ತೆ ಸುಮ್ಮನಾಗಿಬಿಡುತ್ತೇನೆ, ನನ್ನ ಗುಣ ನನಗೆ ಗೊತ್ತು.

ಶ್ರೀಲೇಖಾ, ಅಂಜಬ್ಯಾಡ. ನಾ ಸಿಟ್ಟಿಗಿ ಬಂದಿಲ್ಲ. ಅಲ್ಲಿ ನಿನ್ನ ಜೋಡಿ ಕೂತು ಸುತ್ತಾವ್ರು ಹೆಣ್ಣುಮಕ್ಕಳು ಅದಾರಲ್ಲಾ, ಅವರಿಗೆ ಈ ಮಡಿಕಿ ಕಲಿಸಿದಿ ಏನು?

ತಲೆ ಅಲ್ಲಾಡಿಸುತ್ತಿದ್ದಾಳೆ. ಇಲ್ಲವಂತೆ. ಯಾರಿಗೂ ಕಲಿಸಿಲ್ಲವಂತೆ. ನಮ್ಮ ಮನೆಯದು ಹೊರಗಿನವರ ಕೈಗೆ ಹೋಗಬಾರದೆಂದು, ಈ ಮುದುಕನ ಸಲುವಾಗಿ, ತಾನೊಬ್ಬಳೇ ಇಟ್ಟುಕೊಂಡಿದ್ದಾಳೆ.

ಸಭಿಕರೇ, ನನ್ನ ಮೇಲೆ ಪ್ರೀತಿ ಇಟ್ಟು ನೀವು ಮಾಡಿದ ಈ ಸತ್ಕಾರಕ್ಕೆ ಕೈ ಮುಗಿಯುತ್ತೇನೆ. ಸಂಘಕ್ಕೆ, ಅಧ್ಯಕ್ಷರಿಗೆ, ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಈ ಪಟಕಾವನ್ನು ಮತ್ತೆ ತಲೆಗೆ ಇಟ್ಟುಕೊಂಡು, ಒಂದೇ ಮಾತು ಹೇಳಿ ಕೆಳಗಿಳಿಯುತ್ತೇನೆ.

ಕಲಿಸವ್ವಾ. ನಾಳೆ ಹೋದಕೂಡ್ಲೆ ಎಲ್ಲಾರಿಗೂ ಕಲಿಸು. ಅವನ ಹೆಸರು ಹೇಳಿ ಕಲಿಸು.

ಎಲ್ಲರಿಗೂ ನಮಸ್ಕಾರ.