ತುಕ್ಕು ಹಿಡಿದ ಬೋಗಿ

ಬೇಸಿಗೆಯ ಬೆಳಗು. ನಿಲ್ದಾಣದಲ್ಲಿ ಗುಂಡಿ ಹೊಲಿಯುತ್ತ ಬಸ್ಸಿಗೆ ಕಾದಿದ್ದ ದರ್ಜಿಯ ಪಕ್ಕದಲ್ಲೇ ಅಕ್ಕ-ತಮ್ಮ ಕೂತಿದ್ದರು. ಅಕ್ಕನ ಮಡಿಲಲ್ಲಿ ಪ್ರದರ್ಶನಕ್ಕೆಂದು ಅವಳೇ ಮಾಡಿದ ಗೇಣುದ್ದದ ಗೂಡ್ಸ್ ಬೋಗಿಯ ಮಾದರಿ, ಮೈತುಂಬ ತುಕ್ಕಿನ ಬಣ್ಣ.

"ತೊಳೆದು ತಂದ್ರೆ ಮಾತ್ರ ಪ್ರದರ್ಶನದಲ್ಲಿ ಇಡ್ತಾರಂತೆ ಅಕ್ಕಾ."

"ಕೂದಲೆಳೆ ಕುಂಚದಲ್ಲಿ ಬಳಿದ ತುಕ್ಕು ಕಣೋ. ತೊಳೆಯೋಕೆ ಇದೇನು ಪಾತ್ರೆನಾ?"

"ಅಪ್ಪ ದುಡಿದ ಗಾಡಿ ಅಂತೀಯ. ಇಷ್ಟು ಕೊಳಕಾ?"

"ಅಪ್ಪ ತುಂಬಿದ್ದು ಕಲ್ಲಿದ್ದಲು, ಮಲ್ಲಿಗೆ ಅಲ್ಲ. ಈ ಚಿಲಕದ ಹತ್ರ ನೋಡು, ಇಲ್ಲಷ್ಟೇ ಹೊಳಪು. ದಿನಾ ಅಪ್ಪನ ಕೈ ತಾಗಿ ಸವೆದಿದ್ದ ಜಾಗ."

ತಮ್ಮ ಅಲ್ಲಿ ಬೆರಳಿಟ್ಟು ನೋಡಿದ.

"ಒಳಗೇ ಬಿಡದಿದ್ರೆ?"

"ಬಾಗಿಲಲ್ಲೇ ಸ್ಟೂಲ್ ಹಾಕಿ ಇಡ್ತೀನಿ. ಎಲ್ರೂ ಇದನ್ನ ನೋಡ್ಕೊಂಡೇ ಒಳಗೆ ಹೋಗ್ಲಿ."

ಬಸ್ಸು ಬಂತು. ತಮ್ಮ ಕರವಸ್ತ್ರ ತೆಗೆದ. ಅಕ್ಕ ಬೋಗಿಯನ್ನು ಎದೆಗವಚಿಕೊಂಡಳು.

"ಒರೆಸಲ್ಲ ಮಾರಾಯ್ತಿ. ಇದರಿಂದ ಬೋಗಿ ಮುಚ್ಚಿಕೋ. ನಿನ್ನ ತುಕ್ಕಿನ ಮೇಲೆ ಬಸ್ಸಿನ ಧೂಳು ಕೂತೀತು. ಅಲ್ಲಿ ಸ್ಟೂಲ್ ನಾನು ಹುಡುಕಿ ತರ್ತೀನಿ."

ಇಬ್ಬರೂ ಬಸ್ಸು ಹತ್ತಿದರು.