ಅಕ್ಕನ ಮಂಡಿ, ತಮ್ಮನ ಮಾತ್ರೆ

ಎಕ್ಸ್‌ರೇಗೆ ಕಾಯುತ್ತಿದ್ದ ಬಡಗಿಗೆ ಪಕ್ಕದ ಬೆಂಚಿನ ಜಗಳ ತನ್ನ ಮುರಿದ ಬೆರಳನ್ನೇ ಮರೆಸಿತ್ತು. ಅಲ್ಲಿ ಕೂತಿದ್ದವರು ಕೃತಕ ಮಂಡಿ ಊದಿಕೊಂಡ ಅಕ್ಕ, ಔಷಧಿ ಅಂಗಡಿ ಇಟ್ಟಿದ್ದ ತಮ್ಮ.

“ಮಂಡಿಯಿಂದ ತೆಗೆದ ನೀರಲ್ಲಿ ಯಾವ ಕ್ರಿಮೀನೂ ಸಿಗ್ಲಿಲ್ವಂತೆ.”

“ಒಳ್ಳೇದೇ ಆಯ್ತಲ್ಲಕ್ಕಾ?”

“ಏನು ಮಣ್ಣು ಒಳ್ಳೇದು! ಪರೀಕ್ಷೆಗೆ ಮೊದ್ಲೇ ನೀನು ಕೊಟ್ಟ ಆಂಟಿಬಯೋಟಿಕ್‌ಗೆ ಹೆದರಿ ಅಡಗಿ ಕೂತಿದೆಯಂತೆ. ಯಾವ ಕ್ರಿಮಿ ಅಂತ ಗೊತ್ತಾಗ್ದೆ ಯಾವ ಮದ್ದು ಕೊಡ್ಲಿ ಅಂತ ಡಾಕ್ಟ್ರು ತಲೆ ಚಚ್ಕೊಂಡ್ರು.”

“ನಿನ್ನ ನೋವು ನೋಡೋಕಾಗ್ದೆ ಕೊಟ್ಟೆ ಕಣಕ್ಕಾ.”

“ಈಗ ಮಾತ್ರೆ ನಿಲ್ಲಿಸಿ, ಕಾದು, ಮತ್ತೆ ಸೂಜಿ ಚುಚ್ಚಿಸ್ಕೋಬೇಕು. ಅಷ್ಟರಲ್ಲಿ ಕೀವು ಹೆಚ್ಚಾದ್ರೆ ಹಾಕಿರೋ ಮಂಡೀನೇ ಕಿತ್ತು ಹಾಕ್ತಾರಂತೆ!”

ನರ್ಸ್ ಕರೆದಳು. ಏಳುವಾಗ ಅಕ್ಕ ನೋವಿಗೆ ಮುಖ ಕಿವಿಚಿದಳು; ತಮ್ಮನ ಕೈ ತಾನಾಗಿ ಮಾತ್ರೆ ಇಟ್ಟಿದ್ದ ಜೇಬಿಗಿಳಿಯಿತು.

“ಆ ಕೈ ಆಚೆ ತೆಗಿ,” ಎಂದಳು ಅಕ್ಕ. “ನನ್ನ ಹಿಡ್ಕೊಂಡು ನಡಿ.”