ಬಲ್ಬು ಪೂರ್ತಿ ಆರುವವರೆಗೆ

ಆ ಕಿಟಕಿ ಹಾಕ್ರಪ್ಪ, ಹೇಳ್ತೀನಿ. ಮದುವೆಗಳಿಗೆ ವಿಡಿಯೊ ತೆಗೀತಿದ್ದ ಕಲೀಮುಲ್ಲಾ ಗೊತ್ತಲ್ಲ, ನಮ್ಮ ಹಿಂದಿನ ಬೀದಿಯವನು… ಅವನಿಗೇ ಆದದ್ದು. ತೊಂಬತ್ತಾರನೇ ಇಸವಿ.

ಟಿನ್ ಫ್ಯಾಕ್ಟರಿ ಹತ್ತಿರ ಒಂದು ಮದುವೆ ಮುಗಿಸಿ, ಕೊನೇ ಬಸ್ಸು ಇಳಿದು, ರಿಚರ್ಡ್ಸ್ ಟೌನಿನ ಪಾಳುಬಂಗಲೆ ಬಾವಿಯ ಪಕ್ಕ ನಡೆದು ಬರ್ತಿದ್ದ. ಹೆಗಲಲ್ಲಿ ಕ್ಯಾಮೆರಾ. ಬ್ಯಾಟರಿ ಮದುವೆಮನೆಯಲ್ಲೇ ಪ್ರಾಣ ಬಿಟ್ಟಿತ್ತು. ಗೋಡೆಯ ಪ್ಲಗ್ಗಿನಿಂದ ವೈರು ಎಳೆದು ಹೇಗೋ ಮಾನ ಉಳಿಸಿಕೊಂಡಿದ್ದ.

ಹೆಂಡತಿ ಬದ್ರುನ್ನೀಸಾ ಇದ್ದಾಗ ಹೀಗಾದದ್ದೇ ಇಲ್ಲ. ಬ್ಯಾಟರಿ ಅವಳ ಸುಪರ್ದಿ. “ಇದಕ್ಕೂ ಜ್ಞಾಪಕ ಇರ್ತದೆ ಅಜೀ. ಅರ್ಧ ಇರುವಾಗಲೇ ಚಾರ್ಜಿಗೆ ಹಾಕಿದ್ರೆ, ಆಮೇಲೆ ಅರ್ಧಕ್ಕೇ ಕೈಕೊಡ್ತದೆ” ಅನ್ನೋಳು. ಅದಕ್ಕೊಂದು ಟಾರ್ಚಿನ ಬಲ್ಬು ಸಿಕ್ಕಿಸಿ ಕಿಟಕಿಯ ಕಟ್ಟೆ ಮೇಲಿಟ್ಟು, ಬೆಳಕು ಕೆಂಪಾಗಿ ಪೂರ್ತಿ ಆರುವವರೆಗೆ ಕಾವಲು ಕೂರೋಳು. ಆಮೇಲೆಯೇ ಚಾರ್ಜು.

ಕ್ಯಾಮೆರಾದ ಬಣ್ಣ ಹೊಂದಿಸೋದಕ್ಕೂ ಅವಳೇ. ಮೊದಲು ಏನಾದ್ರೂ ಬಿಳೀದು ತೋರಿಸಿದ್ರೇನೇ ಅದಕ್ಕೆ ಮಿಕ್ಕ ಬಣ್ಣ ಸರಿ ಬರೋದು. ಬಿಳಿ ದುಪಟ್ಟಾ ಮುಖದ ಮುಂದೆ ಅಗಲವಾಗಿ ಹಿಡಿದು ಬಾಗಿಲಲ್ಲಿ ನಿಲ್ಲೋಳು.

“ಬಣ್ಣ ಸರಿ ಬಂತಾ?”

“ಬಂತು.”

ದುಪಟ್ಟಾ ಕೆಳಗಿಳಿಯುವ ಮುಂಚೆಯೇ ಇವನು ಟಕ್ ಅಂತ ಕ್ಯಾಮೆರಾ ಆರಿಸಿಬಿಡೋನು.

“ಒಂದ್ಸಲ ನನ್ನ ಮುಖಾನೂ ತುಂಬಿಸ್ಕೊಳ್ರೀ.”

“ಚಾರ್ಜು ದಂಡ ಕಣೇ. ಈದ್‌ಗೆ ನೋಡೋಣ.”

“ಹೂಂ, ಈ ಸವತಿಗೆ ನಾನೇ ಊಟ ಹಾಕ್ತಿದೀನಲ್ಲ!” ಅಂತ ಬ್ಯಾಟರಿಗೊಂದು ಮೊಟಕೋಳು.

ಈದ್‌ಗೆ ಮುಂಚೆ ಕಾಮಾಲೆ ಬಂತು. ಹೋಗ್ಬಿಟ್ಟಳು. ಮಗಳು ಅಲಿಯಾ ತೀರಾ ಚಿಕ್ಕವಳು. ದಿನಾ ಒಂದೇ ಪ್ರಶ್ನೆ: “ಅಬ್ಬಾ, ಅಮ್ಮಿ ದನಿ ಹೇಗಿತ್ತು?” ಪಾಪ, ಇದ್ದಬದ್ದ ಕ್ಯಾಸೆಟ್ಟನ್ನೆಲ್ಲ ಹಾಕಿ ನೋಡಿದ. ಯಾರ್ಯಾರೋ ಮದುಮಗಳು, ಯಾರ್ಯಾರೋ ಅತ್ತೆ, ನಾದಿನಿ… ತನ್ನ ಹೆಂಡತಿ ಮಾತ್ರ ಎಲ್ಲೂ ಇಲ್ಲ. ಒಂದು ಕೆಮ್ಮೂ ಇಲ್ಲ.

ಸರಿ, ಆ ರಾತ್ರಿ. ಬಾವಿ ದಾಟಬೇಕು… ಹೆಗಲ ಮೇಲೆ ‘ಕ್ಲಿಕ್’. ಆಮೇಲೆ ‘ಸುಂಯ್ಯ್…’ ಅಂತ, ಕ್ಯಾಸೆಟ್ಟು ತಿರುಗಲು ಹೊರಟಾಗ ಬರುತ್ತಲ್ಲ, ಆ ಸದ್ದು.

ಸತ್ತ ಬ್ಯಾಟರಿ!

ಕ್ಯಾಮೆರಾ ಇಳಿಸಿ ಕಣ್ಣಿಗಿಟ್ಟುಕೊಂಡ. ಒಳಗೆಲ್ಲ ಬರೀ ಬಿಳಿ. ಬಟ್ಟೆಯ ಬಿಳಿ. ಅಂಚಿನಲ್ಲಿ ಎರಡು ಬೆರಳು…

“ಬಣ್ಣ ಸರಿ ಬಂತಾ?”

ಪಿಸುಮಾತು. ಕಿವಿಯ ಹತ್ತಿರವೇ.

“ಬಂ… ಬಂತು.”

ದುಪಟ್ಟಾ ಮೆಲ್ಲಗೆ ಇಳಿಯತೊಡಗಿತು. ತಲೆಗೂದಲು ಕಂಡಿತು… ಹಣೆ ಕಂಡಿತು…

ಟಕ್.

ಅಯ್ಯೋ, ಯಾರು ಆರಿಸಿದ್ದು ಅಂತೀರಿ? ಅವನೇ! ಅವನದೇ ಹೆಬ್ಬೆರಳು. “ಬಂತು” ಅಂದ ಕೂಡಲೇ ಆರಿಸಿ ಆರಿಸಿ ರೂಢಿಯಾದ ಕೈ… ತಡೆಯೋಷ್ಟರಲ್ಲಿ ಆಗಿಹೋಗಿತ್ತು. ಮತ್ತೆ ಒತ್ತಿದ. ಬಡಿದ. ಬಾವಿಕಟ್ಟೆ ಮೇಲೆ ಕೂತು, “ಇನ್ನೊಂದ್ಸಲ ಕಣೇ, ಇನ್ನೊಂದೇ ಒಂದ್ಸಲ” ಅಂತ ಬೇಡಿಕೊಂಡ. ಸದ್ದಿಲ್ಲ. ಮನೆಗೆ ಬಂದು ಕ್ಯಾಸೆಟ್ಟು ಹಾಕಿದರೆ ಅದರಲ್ಲೂ ಏನಿಲ್ಲ. ಕ್ಯಾಮೆರಾನ ಬ್ಯಾಟರಿ ಸಮೇತ ಹಾಗೇ ಗೂಟಕ್ಕೆ ನೇತುಹಾಕಿ, ಮುಸುಕು ಹೊದ್ದು ಬಿದ್ದುಕೊಂಡ.

ಬೆಳಿಗ್ಗೆ ಎದ್ದಾಗ ಅಲಿಯಾ ಕಿಟಕಿ ಕೆಳಗೆ ಕೂತಿದ್ದಳು. ಕಟ್ಟೆ ಮೇಲೆ ಬ್ಯಾಟರಿ. ಬದ್ರುನ್ನೀಸಾ ಹೋದಾಗಿನಿಂದ ಹುಡುಕಿದರೂ ಸಿಗದಿದ್ದ ಆ ಟಾರ್ಚಿನ ಬಲ್ಬು ಅದಕ್ಕೆ ಸಿಕ್ಕಿಸಿತ್ತು. ಆರಿತ್ತು.

“ಯಾರು ಇಟ್ಟಿದ್ದು ಬೇಟಾ?”

“ಅಮ್ಮಿ. ಪೂರ್ತಿ ಆರೋವರೆಗೂ ಮುಟ್ಟಬೇಡ ಅಂದ್ಳು. ಅದಕ್ಕೇ ಕಾಯ್ತಾ ಇದ್ದೆ.”

ಕಲೀಮುಲ್ಲಾ ಬೀದಿಗೆಲ್ಲ ಕೇಳೋ ಹಾಗೆ ಕೂಗಿಬಿಟ್ಟ. ಮಗಳ ಮುಂದೆ ಮಂಡಿಯೂರಿ ಕೂತು ಅವನೇ ಕೇಳಿದ:

“ದನಿ… ದನಿ ಹೇಗಿತ್ತಮ್ಮಾ?”

ಆ ಹುಡುಗಿ ಆಮೇಲೆ ಯಾವತ್ತೂ ಆ ಪ್ರಶ್ನೆ ಕೇಳಲಿಲ್ಲ. ಅವನು ಮಾತ್ರ ಇವತ್ತಿಗೂ ಅವಳನ್ನ ಕೇಳ್ತಾನೆ.

ನಗಬೇಡ್ರಪ್ಪ. ಅವನ ಕೂಗು ಕೇಳಿ ಆವತ್ತು ಮೊದಲು ಓಡಿಹೋದವನು ನಾನೇ. ಬಲ್ಬು ಮುಟ್ಟಿ ನೋಡಿದೆ. ಗಾಜು ಇನ್ನೂ ಬೆಚ್ಚಗಿತ್ತು.